ಕಡಲಪಾಚಿಗೂ ಬೇಕು ಹೆಪ್ಪು!

ಬ್ರಷ್ ಮೇಲೆ ಇಟ್ಟ ಟೂತ್‌ಪೇಸ್ಟು ನೀರಾಗಿ ಇಳಿಯದೆ ಗಟ್ಟಿಯಾಗಿ ಕೂರುತ್ತದಲ್ಲ, ಯಾಕೆ? ಐಸ್‌ಕ್ರೀಮು ಕೈಗೆ ಬರುವ ಹೊತ್ತಿಗೆ ಹಾಲು ಬೇರೆ, ನೀರು ಬೇರೆ ಆಗಿರುವುದಿಲ್ಲವಲ್ಲ, ಯಾಕೆ? ಎಷ್ಟೋ ಕಂಪನಿಗಳು ಇದಕ್ಕೆಲ್ಲ ಹಾಕುವುದು ಕ್ಯಾರಗೀನನ್ ಅನ್ನೋ ಅಂಟು. ಅದು ಬರುವುದು ಕಡಲಪಾಚಿಯಿಂದ. ಅಂಗಡಿ ಕಪಾಟಿನ ಮಾಲಿಗೂ ಸಮುದ್ರಕ್ಕಿಳಿದ ಹೆಂಗಸರ ದುಡಿಮೆಗೂ ಹೀಗೊಂದು ನಂಟು.

ರಾಮೇಶ್ವರ ಯಾತ್ರೆಗೆ ಹೋದವರು ಮಂಡಪಂ ಕಡೆ ಕಡಲಲ್ಲಿ ತೇಲುವ ಬಿದಿರಿನ ಚೌಕಟ್ಟುಗಳನ್ನು ನೋಡಿರಬಹುದು. 12 ಅಡಿ ಉದ್ದ, 12 ಅಡಿ ಅಗಲ. ಒಂದೊಂದಕ್ಕೂ ಸುಮಾರು 60 ಕಿಲೋ ಪಾಚಿಯ ತುಂಡುಗಳನ್ನು ಹಗ್ಗಕ್ಕೆ ಕಟ್ಟಿ ಬಿಡುತ್ತಾರೆ. 45 ದಿನಕ್ಕೆ ಕೊಯ್ಲು. ಹತ್ತು ಕಿಲೋ ಹಸಿ ಪಾಚಿ ಒಣಗಿದರೆ ಒಂದು ಕಿಲೋ. ಗೊಬ್ಬರ ಬೇಡ, ನೀರಾವರಿ ಬೇಡ, ಗುಂಟೆ ಜಮೀನೂ ಬೇಡ. ಸ್ವಸಹಾಯ ಸಂಘದ ಹೆಂಗಸರೇ ಹೆಚ್ಚಾಗಿ ದುಡಿದು ನಿಲ್ಲಿಸಿದ ಕಸುಬು ಇದು. 2001ರಲ್ಲಿ ಇಪ್ಪತ್ತು ಚಿಲ್ಲರೆ ಟನ್ ಇದ್ದ ಒಣಪಾಚಿ, ಹನ್ನೆರಡೇ ವರ್ಷದಲ್ಲಿ 1500 ಟನ್ ಹತ್ತಿರ ಹೋಯಿತು.

ಆಮೇಲೆ ಬಿತ್ತು ಹೊಡೆತ. 2013ರ ಹೊತ್ತಿಗೆ ಪಾಚಿ ರಾಶಿ ರಾಶಿಯಾಗಿ ಸತ್ತಿತು. ಇಳುವರಿ ನೆಲಕಚ್ಚಿತು. ಮತ್ತೆ ಕಟ್ಟೋಣ ಅಂದರೆ ಬೀಜದ ಪಾಚಿಗೇ ತತ್ವಾರ.

ಐಸ್-ಐಸ್ ಕಾಟ

ಈ ಬೆಳೆಗೆ ಅಂಟುವ ದೊಡ್ಡ ರೋಗಕ್ಕೆ ಫಿಲಿಪ್ಪೀನ್ಸ್ ರೈತರು ಇಟ್ಟ ಹೆಸರು ಐಸ್-ಐಸ್. ಕೊಂಬೆ ಬೆಳ್ಳಗಾಗುತ್ತೆ, ಮೆತ್ತಗಾಗುತ್ತೆ, ಮುರಿದು ತೇಲಿಹೋಗುತ್ತೆ. ನೀರು ಬಿಸಿಯಾದರೆ, ಮಳೆ ಬಿದ್ದು ಉಪ್ಪು ಇಳಿದರೆ ಪಾಚಿ ಸೊರಗುತ್ತದೆ. ಸೊರಗಿದವನ ಮನೆಗೇ ಸಾಲಗಾರ ಬಂದಂತೆ ಆಗ ಕೆಟ್ಟ ಬ್ಯಾಕ್ಟೀರಿಯ ಮುತ್ತುತ್ತವೆ. ಮಂಡಪಂನ ತಳಿ 1984ರಲ್ಲಿ ಹೊರದೇಶದಿಂದ ಭಾರತಕ್ಕೆ ಬಂದದ್ದು. ಅದನ್ನೇ ಕಡಿದು, ಕಟ್ಟಿ, ಮತ್ತೆ ಕಡಿದು ಬೆಳೆಸಿದ್ದು. ಕಸುವು ಎಲ್ಲಿಂದ ಬರಬೇಕು?

ಔಷಧಿ ಹೊಡೆದರಾಯಿತು ಅಂತೀರಾ? ಗದ್ದೆಗಾದರೆ ಬದು ಇದೆ. ಸಮುದ್ರಕ್ಕೆ ಎಲ್ಲಿದೆ ಬದು? ಅಲೆ ಬಂದರೆ ಔಷಧಿ ಹೋಯಿತು. ನಿಂತರೆ ಇನ್ನೂ ಕಷ್ಟ, ಒಳ್ಳೆ ಬ್ಯಾಕ್ಟೀರಿಯವೂ ಸತ್ತವು.

ಒಳ್ಳೇವೂ ಇವೆ

ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯವೇ ತಾನೇ? ಪಾಚಿಗೂ ಅಂಥ ಜೊತೆಗಾರರಿದ್ದಾರೆ. ಬಂಡೆಗಳ ಮೇಲೆ ಹಸಿರು ಎಲೆಯಂತೆ ಬೆಳೆಯುವ ಉಲ್ವಾ ಅನ್ನೋ ಪಾಚಿಯನ್ನು ಬ್ಯಾಕ್ಟೀರಿಯ ಒಂದೂ ಇಲ್ಲದಂತೆ ಬೆಳೆಸಿದರೆ ಅದು ಎಲೆಯೇ ಆಗುವುದಿಲ್ಲ, ಆಕಾರವಿಲ್ಲದ ಮುದ್ದೆಯಾಗಿ ಉಳಿಯುತ್ತದೆ. ಹಸಿರು ಪಾಚಿಗೆ ಆಕಾರ ಕೊಡುವ ಬ್ಯಾಕ್ಟೀರಿಯದ ರಸವನ್ನು ಜಪಾನಿನ ವಿಜ್ಞಾನಿಗಳು 2005ರಲ್ಲಿ ಪತ್ತೆ ಮಾಡಿ ಥಲ್ಲುಸಿನ್ ಅಂತ ಹೆಸರಿಟ್ಟರು.

ರೋಗ ತಡೆಯುವ ಬ್ಯಾಕ್ಟೀರಿಯವೂ ಸಿಕ್ಕಿದೆ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಡೆಲೀಸಿಯ ಅನ್ನೋ ಕೆಂಪು ಪಾಚಿಗೆ ರೋಗದ ಬ್ಯಾಕ್ಟೀರಿಯ ಬಿಟ್ಟರು. ಬೆಳ್ಳಗಾಯಿತು. ಫಿಯೋಬ್ಯಾಕ್ಟರ್ ಅನ್ನೋ ಒಳ್ಳೆ ಬ್ಯಾಕ್ಟೀರಿಯ ಜೊತೆಗಿದ್ದ ಪಾಚಿ ಬಚಾವಾಯಿತು. ಮಂಡಪಂನದೂ ಕೆಂಪು ಜಾತಿಯೇ. ಆದರೆ ತಳಿ ಬೇರೆ, ಕಡಲು ಬೇರೆ. ತೊಟ್ಟಿಯಲ್ಲಿ ಗೆದ್ದದ್ದು ಅಲೆಯಲ್ಲೂ ಗೆಲ್ಲಬೇಕು.

ಲೆಕ್ಕಾಚಾರ ಮಾತ್ರ ಸರಳ. ಇಡೀ ಸಮುದ್ರಕ್ಕೆ ಏನೂ ಸುರಿಯಬೇಕಾಗಿಲ್ಲ. ಬೀಜದ ತುಂಡನ್ನು ಹಗ್ಗಕ್ಕೆ ಕಟ್ಟುವ ಮುಂಚೆ ದಡದ ತೊಟ್ಟಿಯಲ್ಲಿ ಒಳ್ಳೆ ಬ್ಯಾಕ್ಟೀರಿಯದ ನೀರಿಗೆ ಅದ್ದಿದರೆ ಜಾಗ ಮೊದಲೇ ಭರ್ತಿ. ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ! ಕೆಟ್ಟದ್ದು ಆಮೇಲೆ ಬಂದರೆ ನಿಂತೇ ಹೋಗಬೇಕು.

ಹಾಗಂತ ಹೆಪ್ಪು ಹಾಕಿದ ಮಾತ್ರಕ್ಕೆ ಕುದಿಯುವ ಹಾಲು ಮೊಸರಾಗದು. ಕಡಲೇ ಕಾಯುತ್ತಾ ಹೋದರೆ ಯಾವ ಬ್ಯಾಕ್ಟೀರಿಯವೂ ಕಾಪಾಡದು. ಹೊಸ ತಳಿಯೂ ಬೇಕು, ತಂಪು ನೀರಿನ ಜಾಗವೂ ಬೇಕು.

ಇನ್ನೊಂದು ಮಾತು. ಹೆಪ್ಪು ಅಂದರೆ ಪಕ್ಕದ ಮನೆಯಿಂದ ಲೋಟದಲ್ಲಿ ಕೇಳಿ ತರುವ ವಸ್ತು. ನಾಳೆ ಅದನ್ನೇ ಬಾಟಲಿಗೆ ತುಂಬಿ, ಸೀಲು ಒತ್ತಿ, ಬಾಯಿಗೆ ಬಂದ ರೇಟು ಕಟ್ಟಿದರೆ ಪಾಚಿಯೇನೋ ಬದುಕೀತು. ಅದನ್ನು ಬೆಳೆಸಿದ ಹೆಂಗಸರು?