ಕೌಲಾಲಂಪುರ ಮತ್ತು ಸಿಂಗಾಪುರಗಳಿಗೆ ಕುಟುಂಬ ಸಮೇತ ಪ್ರವಾಸ: ಸಾರ್ವಜನಿಕರ ಮಾಹಿತಿಗಾಗಿ

ಶಾಲೆಗಳ ದಸರಾ ಹಾಗೂ ಬೇಸಿಗೆ ರಜೆಯ ಅವಧಿಯಲ್ಲಿ ರಾಜ್ಯದ ಅನೇಕ ಕುಟುಂಬಗಳು ಮಲೇಷ್ಯಾದ ಕೌಲಾಲಂಪುರ ಹಾಗೂ ಸಿಂಗಾಪುರಗಳನ್ನು ಒಂದೇ ಪ್ರವಾಸದಲ್ಲಿ ಸಂದರ್ಶಿಸುತ್ತವೆ. ಎರಡೂ ನಗರಗಳಿಗೆ ಬೆಂಗಳೂರಿನಿಂದ ನೇರ ವಿಮಾನ ಸೌಲಭ್ಯವಿದ್ದು, ಅವುಗಳ ನಡುವಿನ ರಸ್ತೆ ಅಂತರ ಸುಮಾರು 350 ಕಿ.ಮೀ. ಆಗಿರುತ್ತದೆ. ಅಂತರ ಕಡಿಮೆಯೆಂಬ ಕಾರಣಕ್ಕೆ ಇದನ್ನು ಒಂದೇ ದೇಶದೊಳಗಿನ ಪ್ರಯಾಣದಂತೆ ಭಾವಿಸಬಾರದು. ಎರಡೂ ಪ್ರತ್ಯೇಕ ರಾಷ್ಟ್ರಗಳಾಗಿದ್ದು, ಪ್ರವೇಶ ನಿಯಮಗಳು ಭಿನ್ನವಾಗಿರುತ್ತವೆ. ಕುಟುಂಬದ ಒಬ್ಬ ಸದಸ್ಯರ ದಾಖಲೆಯಲ್ಲಿ ನ್ಯೂನತೆ ಇದ್ದಲ್ಲಿ ಅವರನ್ನು ವಿಮಾನ ನಿಲ್ದಾಣದಲ್ಲಿಯೇ ತಡೆಯಲಾಗುವುದು. ಆ ಸದಸ್ಯರು ಮಗುವಾಗಿದ್ದಲ್ಲಿ ಇಡೀ ಕುಟುಂಬವೇ ಮನೆಗೆ ಹಿಂದಿರುಗಬೇಕಾಗುತ್ತದೆ.

ಪ್ರವಾಸದ ದಿನಾಂಕ ನಿಗದಿಪಡಿಸುವ ಮುನ್ನ ಎಲ್ಲ ಸದಸ್ಯರ ಪಾಸ್‌ಪೋರ್ಟ್‌ಗಳ ಅವಧಿಯನ್ನು ಪರಿಶೀಲಿಸತಕ್ಕದ್ದು. ಎರಡೂ ರಾಷ್ಟ್ರಗಳ ಪ್ರವೇಶಕ್ಕೆ ಕನಿಷ್ಠ 6 ತಿಂಗಳ ಅವಧಿ ಬಾಕಿ ಇರಬೇಕು. ಪೋಷಕರ ಪಾಸ್‌ಪೋರ್ಟ್ 10 ವರ್ಷಗಳಿಗೆ ನೀಡಲ್ಪಟ್ಟಿದ್ದರೆ, ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷಗಳಿಗೆ ಮಾತ್ರ ಸಿಂಧುವಾಗಿರುತ್ತದೆ. ಒಂದೇ ದಿನ ಪಡೆದದ್ದರಿಂದ ಒಂದೇ ದಿನ ಮುಗಿಯುವುದೆಂಬ ಭಾವನೆ ಹಲವರಲ್ಲಿದೆ, ಇದು ತಪ್ಪು.

ಹೊಸದಾಗಿ ಅರ್ಜಿ ಸಲ್ಲಿಸುವವರಿಗೆ ವಿಳಂಬವಾಗುವುದು ಬಹುತೇಕ ಜನನ ಪ್ರಮಾಣ ಪತ್ರದಿಂದಲೇ. ದಿನಾಂಕ 1-10-2023 ಅಥವಾ ನಂತರ ಜನಿಸಿದ ಮಕ್ಕಳಿಗೆ ಜನ್ಮ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣ ಪತ್ರವನ್ನು ಮಾತ್ರ ಪರಿಗಣಿಸಲಾಗುವುದು. ನಾಮಕರಣಕ್ಕೆ ಮುನ್ನವೇ ನೋಂದಣಿಯಾದ ಜನನಗಳಲ್ಲಿ ಮಗುವಿನ ಹೆಸರಿನ ಅಂಕಣ ಖಾಲಿ ಉಳಿದಿರುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ 15 ವರ್ಷಗಳವರೆಗೆ ನಿಗದಿತ ಶುಲ್ಕ ಪಾವತಿಸಿ, ಸಂಬಂಧಿಸಿದ ಜನನ ಮರಣ ನೋಂದಣಾಧಿಕಾರಿಗಳಲ್ಲಿ ಹೆಸರನ್ನು ಸೇರಿಸಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿ ಊರಿನ ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಬರೆಯುವ ರೂಢಿಯಿದೆ. ಪಾಸ್‌ಪೋರ್ಟ್‌ನಲ್ಲಿ ಇವುಗಳನ್ನು ವಿಸ್ತರಿಸಿ ಬರೆಯಬೇಕಾಗುತ್ತದೆ. ತಂದೆಯ ಹೆಸರು ಅವರ ಪಾಸ್‌ಪೋರ್ಟ್‌ನಲ್ಲಿ ಒಂದು ರೀತಿ, ಮಗುವಿನ ದಾಖಲೆಯಲ್ಲಿ ಮತ್ತೊಂದು ರೀತಿ ಇದ್ದಲ್ಲಿ ಅರ್ಜಿ ಸಲ್ಲಿಸುವ ಮೊದಲೇ ಸರಿಪಡಿಸಿಕೊಳ್ಳುವುದು ಸೂಕ್ತ. ಸರ್ಕಾರಿ ನೌಕರರು ವಿದೇಶ ಪ್ರಯಾಣಕ್ಕೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆಯಬೇಕಾಗಿದ್ದು, ಟಿಕೆಟ್ ಕಾಯ್ದಿರಿಸಿದ ನಂತರ ಅನುಮತಿ ಕೋರುವುದು ಸರಿಯಾದ ಕ್ರಮವಲ್ಲ.

ವೀಸಾ ವಿಷಯದಲ್ಲಿ ಎರಡು ರಾಷ್ಟ್ರಗಳ ನಡುವೆ ವ್ಯತ್ಯಾಸವಿದೆ. ಮಲೇಷ್ಯಾ ಸರ್ಕಾರವು ಭಾರತೀಯ ಪ್ರವಾಸಿಗರಿಗೆ 2023ರ ಡಿಸೆಂಬರ್ 1ರಿಂದ 30 ದಿನಗಳವರೆಗಿನ ವಾಸಕ್ಕೆ ವೀಸಾ ವಿನಾಯಿತಿ ನೀಡಿದ್ದು, ಇದನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿದೆ. ಸಿಂಗಾಪುರಕ್ಕೆ ಮಾತ್ರ ಕೈಗೂಸು ಸೇರಿದಂತೆ ಪ್ರತಿಯೊಬ್ಬರಿಗೂ ವೀಸಾ ಅವಶ್ಯಕ. ಅರ್ಜಿಯನ್ನು ಅಧಿಕೃತ ಏಜೆಂಟರ ಮೂಲಕ ಸಲ್ಲಿಸಬೇಕು. ಶುಲ್ಕ 30 ಸಿಂಗಾಪುರ ಡಾಲರ್ ಆಗಿದ್ದು, ವೀಸಾ ನಿರಾಕರಿಸಲ್ಪಟ್ಟರೂ ಹಿಂತಿರುಗಿಸಲಾಗುವುದಿಲ್ಲ. ಏಜೆಂಟರ ಸೇವಾ ಶುಲ್ಕ ಇದಕ್ಕೆ ಹೊರತಾದದ್ದು. ವೀಸಾ ಪತ್ರದಲ್ಲಿ ಒಂದು ಬಾರಿಯ ಪ್ರವೇಶವೋ ಹಲವು ಬಾರಿಯ ಪ್ರವೇಶವೋ ಎಂಬುದನ್ನು ಓದಿ ನೋಡತಕ್ಕದ್ದು. ಸಿಂಗಾಪುರದಲ್ಲಿ ಇಳಿದು, ಕೌಲಾಲಂಪುರಕ್ಕೆ ಹೋಗಿ, ಊರಿಗೆ ಮರಳಲು ಪುನಃ ಸಿಂಗಾಪುರಕ್ಕೆ ಬರುವ ಕುಟುಂಬವು ಆ ದೇಶವನ್ನು ಎರಡು ಬಾರಿ ಪ್ರವೇಶಿಸಿದಂತಾಗುತ್ತದೆ. ಆದ್ದರಿಂದ ಕೌಲಾಲಂಪುರದಲ್ಲಿ ಇಳಿದು ಸಿಂಗಾಪುರದಿಂದ ಬೆಂಗಳೂರಿಗೆ ಹಿಂದಿರುಗುವಂತೆ ಟಿಕೆಟ್ ಪಡೆದಲ್ಲಿ ಈ ತೊಡಕು ಉದ್ಭವಿಸುವುದೇ ಇಲ್ಲ. ಒಂದು ದಿಕ್ಕಿನ ಪ್ರಯಾಣದ ಖರ್ಚೂ ಉಳಿಯುತ್ತದೆ.

ಇದಲ್ಲದೆ ಎರಡೂ ರಾಷ್ಟ್ರಗಳಿಗೆ ಪ್ರತ್ಯೇಕವಾಗಿ ಆಗಮನ ಪತ್ರವನ್ನು ಅಂತರ್ಜಾಲದಲ್ಲಿ ಆಗಮನಕ್ಕೆ ಮುಂಚಿನ ಮೂರು ದಿನಗಳ ಒಳಗೆ ಭರ್ತಿ ಮಾಡಬೇಕು. ರಸ್ತೆಯ ಮೂಲಕ ಗಡಿ ದಾಟುವವರಿಗೂ ಇದು ಅನ್ವಯಿಸುತ್ತದೆ. ಇವೆರಡೂ ಸಂಪೂರ್ಣ ಉಚಿತ. ಸರ್ಕಾರಿ ಜಾಲತಾಣಗಳನ್ನೇ ಹೋಲುವ ಕೆಲವು ಖಾಸಗಿ ತಾಣಗಳು ಹಣ ಕೇಳುತ್ತಿದ್ದು, ಸಾರ್ವಜನಿಕರು ಎಚ್ಚರ ವಹಿಸಬೇಕು.

ನಗರಗಳ ನಡುವೆ ವಿಮಾನದಲ್ಲಿ ಸುಮಾರು ಒಂದು ಗಂಟೆ, ಬಸ್ಸಿನಲ್ಲಿ ಐದರಿಂದ ಆರು ಗಂಟೆ ಹಿಡಿಯುತ್ತದೆ. ಬಸ್ಸಿನ ಪ್ರಯಾಣಿಕರು ಮೊದಲು ಮಲೇಷ್ಯಾದ, ನಂತರ ಸಿಂಗಾಪುರದ ತಪಾಸಣಾ ಕೇಂದ್ರದಲ್ಲಿ ಇಳಿದು ಸಾಮಾನು ಸಹಿತ ಸಾಲಿನಲ್ಲಿ ನಿಲ್ಲಬೇಕು. ವಾರಾಂತ್ಯದಲ್ಲಿ ಈ ಗಡಿಯಲ್ಲಿ ಜನಸಂದಣಿ ವಿಪರೀತ. ವೃದ್ಧರು ಜೊತೆಯಲ್ಲಿದ್ದಲ್ಲಿ ಟಿಕೆಟ್ ದರದ ಉಳಿತಾಯಕ್ಕಿಂತ ಅವರ ಮೊಣಕಾಲಿನ ಸ್ಥಿತಿಯನ್ನು ಗಮನಿಸಿ ತೀರ್ಮಾನಿಸುವುದು ಒಳಿತು. ಕೌಲಾಲಂಪುರದ ಬಾಟು ಗುಹೆಗಳ ಸುಬ್ರಹ್ಮಣ್ಯ ಸನ್ನಿಧಿಗೂ 272 ಮೆಟ್ಟಿಲುಗಳಿವೆ. ಬುಡದಲ್ಲಿರುವ, 2006ರಲ್ಲಿ ಅನಾವರಣಗೊಂಡ 42.7 ಮೀಟರ್ ಎತ್ತರದ ಮೂರ್ತಿಯನ್ನು ಮೆಟ್ಟಿಲೇರದೆಯೂ ದರ್ಶಿಸಬಹುದು.

ಮನೆಯ ತಿಂಡಿ, ಸಾಂಬಾರ ಪದಾರ್ಥಗಳನ್ನು ಒಯ್ಯುವವರು ಗಸಗಸೆಯನ್ನು ಬಿಟ್ಟು ಹೋಗಬೇಕು. ನಮ್ಮಲ್ಲಿ ಪಾಯಸಕ್ಕೆ ಬಳಸುವ ಈ ಕಾಳು ಅಫೀಮು ಗಿಡದ ಬೀಜವಾದ್ದರಿಂದ ಸಿಂಗಾಪುರದಲ್ಲಿ ಮಾದಕ ವಸ್ತು ನಿಯಂತ್ರಣಕ್ಕೆ ಒಳಪಟ್ಟಿದೆ. ಮಾದಕ ವಸ್ತು ಸಾಗಣೆಗೆ ಅಲ್ಲಿ ಮರಣದಂಡನೆಯವರೆಗೆ ಶಿಕ್ಷೆಯಿದೆ; ಅಪರಿಚಿತರ ಪೊಟ್ಟಣಗಳನ್ನು ಯಾವ ಕಾರಣಕ್ಕೂ ಸ್ವೀಕರಿಸಬಾರದು. ಚ್ಯೂಯಿಂಗ್ ಗಮ್ ಹಾಗೂ ಇ-ಸಿಗರೇಟ್ ನಿಷೇಧಿತ. ನಿದ್ರೆ ಮಾತ್ರೆ, ಕೊಡೀನ್ ಅಂಶವುಳ್ಳ ಕೆಮ್ಮಿನ ಔಷಧಿ ಮುಂತಾದವುಗಳಿಗೆ ಪೂರ್ವಾನುಮತಿ ಬೇಕಾಗಬಹುದು. ಹಿರಿಯರ ಔಷಧಿಗಳೊಂದಿಗೆ ವೈದ್ಯರ ಚೀಟಿ ಇರಲಿ.

ಸಿಂಗಾಪುರದ ಮೆಟ್ರೊ ರೈಲಿನಲ್ಲಿ ತಿನ್ನುವುದು, ಕುಡಿಯುವುದು ದಂಡಾರ್ಹ. ಮಕ್ಕಳ ಕೈಯಲ್ಲಿನ ಬಿಸ್ಕತ್ತಿಗೂ ವಿನಾಯಿತಿ ಇರುವುದಿಲ್ಲ. ಎರಡೂ ಕಡೆ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುತ್ತದೆ. ಚೌಕ ಕಡ್ಡಿಗಳ ಮೂರು ಪಿನ್ನಿನ ಪ್ಲಗ್ ಬಳಕೆಯಲ್ಲಿದೆ. ಮಳೆ ವರ್ಷವಿಡೀ ಇರುವುದರಿಂದ ಕೊಡೆ ಅಗತ್ಯ.

ಪ್ರವಾಸ ಸಂಸ್ಥೆಯಿಂದ ಪ್ಯಾಕೇಜ್ ಖರೀದಿಸಿದಾಗ ಮೂಲದಲ್ಲಿ ಸಂಗ್ರಹಿಸುವ ತೆರಿಗೆಯನ್ನು ಅನೇಕರು ನಷ್ಟವೆಂದು ಬಗೆಯುತ್ತಾರೆ. ಈ ಮೊತ್ತವು ಪಾವತಿಸಿದವರ ಪ್ಯಾನ್ ಸಂಖ್ಯೆಗೆ ಜಮೆಯಾಗುತ್ತದೆ. ಆದಾಯ ತೆರಿಗೆ ವಿವರಣೆ ಸಲ್ಲಿಸುವಾಗ ಇದನ್ನು ಹೊಂದಾಣಿಕೆ ಮಾಡಿಕೊಳ್ಳಲು ಅಥವಾ ಮರುಪಾವತಿ ಪಡೆಯಲು ಅವಕಾಶವಿರುವುದರಿಂದ ರಸೀದಿಯನ್ನು ಕಾಯ್ದಿರಿಸಬೇಕು. ಹಣ ಪಾವತಿಸುವವರ ಪ್ಯಾನ್ ಸಂಖ್ಯೆಯನ್ನೇ ನೀಡಬೇಕು.

ಪಾಸ್‌ಪೋರ್ಟ್ ಕಳೆದುಹೋದಲ್ಲಿ ಸ್ಥಳೀಯ ಪೊಲೀಸರಲ್ಲಿ ದೂರು ದಾಖಲಿಸಿ, ಆ ನಗರದಲ್ಲಿರುವ ಭಾರತೀಯ ಹೈಕಮಿಷನ್ ಕಚೇರಿಯನ್ನು ಸಂಪರ್ಕಿಸಬೇಕು. ಎರಡೂ ನಗರಗಳಲ್ಲಿ ಪೊಲೀಸ್ ದೂರವಾಣಿ ಸಂಖ್ಯೆ 999. ಹೈಕಮಿಷನ್ ನೀಡುವ ತುರ್ತು ಪ್ರಮಾಣ ಪತ್ರವು ಭಾರತಕ್ಕೆ ಮರಳಲು ಮಾತ್ರ ಮಾನ್ಯವಾಗಿದ್ದು, ಅದರ ಮೇಲೆ ಎರಡನೆಯ ನಗರಕ್ಕೆ ಪ್ರಯಾಣ ಮುಂದುವರಿಸಲು ಸಾಧ್ಯವಿಲ್ಲ. ಎಲ್ಲರ ಪಾಸ್‌ಪೋರ್ಟ್‌ಗಳನ್ನು ಒಂದೇ ಚೀಲದಲ್ಲಿ ಇಡದೆ, ನೆರಳಚ್ಚು ಪ್ರತಿಗಳನ್ನು ಬೇರೊಬ್ಬರ ಬಳಿ ಇರಿಸತಕ್ಕದ್ದು. ಪಾಸ್‌ಪೋರ್ಟ್ ಅರ್ಜಿಗೆ ಸಂಬಂಧಿಸಿದ ವಿಚಾರಣೆಗೆ ಶುಲ್ಕರಹಿತ ದೂರವಾಣಿ ಸಂಖ್ಯೆ 1800-258-1800 ಅನ್ನು ಸಂಪರ್ಕಿಸಬಹುದಾಗಿದೆ.