ಅಕ್ಕನ ತುಟಿಯ ಸುತ್ತ ಇರುವೆ

ಬುಧವಾರ ರಾತ್ರಿಯ ಗದಗ ಎಕ್ಸ್‌ಪ್ರೆಸ್ಸಿಗೆ ಎರಡು ಟಿಕೆಟ್ ಕಾಯ್ದಿರಿಸಿದ್ದೆ. ಸೋಮವಾರ ಅಕ್ಕನ ಕುತ್ತಿಗೆಯ ಆಪರೇಷನ್, ಮಂಗಳವಾರ ಡಿಸ್ಚಾರ್ಜ್, ಬುಧವಾರ ರೈಲು, ಶನಿವಾರ ಊರಲ್ಲಿ ಅವಳ ಮಗಳ ಕುಬಸ. ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವನ ಲೆಕ್ಕ, ತಪ್ಪುವುದುಂಟೆ?

ಅಕ್ಕನಿಗೆ ಈಗ ಐವತ್ತೆರಡು. ಆರು ವರ್ಷಗಳಲ್ಲಿ ಮೂರು ಸಲ ಮೂತ್ರಪಿಂಡದ ಕಲ್ಲು. ಸೊಂಟ, ಮೊಣಕಾಲು ಸದಾ ನೋವು. ಹೋದ ವರ್ಷ ಬಚ್ಚಲಲ್ಲಿ ಕೊಡ ಎತ್ತುವಾಗ ಮುಂಗೈ ಎಲುಬು ಮುರಿಯಿತು. ಕಲ್ಲು ತೆಗೆದವರು ಕಲ್ಲು ನೋಡಿದರು, ಎಲುಬು ಕೂಡಿಸಿದವರು ಎಲುಬು ನೋಡಿದರು. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ಯಾರೂ ನೋಡಿರಲಿಲ್ಲ. ಡೊಂಬಿವಲಿಯ ನಮ್ಮ ಮನೆಗೆ ಬಂದಾಗ ಇಲ್ಲಿಯ ವೈದ್ಯರು ಪರೀಕ್ಷೆ ಬರೆದುಕೊಟ್ಟರು. 8.5ರಿಂದ 10.5ರೊಳಗೆ ಇರಬೇಕಾದದ್ದು 12.6 ಇತ್ತು.

ಕಾರಣ ಕುತ್ತಿಗೆಯಲ್ಲಿತ್ತು. ಥೈರಾಯ್ಡ್ ಹೆಸರು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೆ ಅಂಟಿಕೊಂಡಂತೆ ಅಕ್ಕಿಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ ಎಂಬುದು ನನಗೆ ಗೊತ್ತಾದದ್ದು ಆವತ್ತೇ. ಇವನ್ನು ಮೊದಲು ಗುರುತಿಸಿದ್ದು ಮನುಷ್ಯನಲ್ಲಲ್ಲ, ನಮ್ಮ ದೇಶದ ಖಡ್ಗಮೃಗದಲ್ಲಿ. ಲಂಡನ್ ಮೃಗಾಲಯದಲ್ಲಿ ಸತ್ತ ಪ್ರಾಣಿಯನ್ನು ರಿಚರ್ಡ್ ಓವೆನ್ 1850ರ ಸುಮಾರಿಗೆ ಕೊಯ್ದು ನೋಡಿದಾಗ ಸಿಕ್ಕಿದವು. ಮನುಷ್ಯರಲ್ಲಿ ಇವನ್ನು ವಿವರವಾಗಿ ಬರೆದಿಟ್ಟವನು ಸ್ವೀಡನ್ನಿನ ವೈದ್ಯ ವಿದ್ಯಾರ್ಥಿ ಇವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ.

ಈ ಗ್ರಂಥಿಗಳು ಸ್ರವಿಸುವ ಪಿಟಿಎಚ್ ಎಂಬ ಹಾರ್ಮೋನು ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗದಂತೆ ಕಾಯುತ್ತದೆ. ಬೇಕಾದರೆ ಎಲುಬಿನಿಂದ ತೆಗೆದು ಕೊಡುತ್ತದೆ. ಅಕ್ಕನ ಒಂದು ಗ್ರಂಥಿ ಗೆಡ್ಡೆಯಾಗಿ ಬೆಳೆದು, ಬೇಕಿರಲಿ ಬೇಡವಿರಲಿ ಎಲುಬನ್ನು ತೋಡುತ್ತಲೇ ಇತ್ತು. ಕ್ಯಾನ್ಸರ್ ಅಲ್ಲ, ತೆಗೆದರೆ ಮುಗಿಯಿತು ಎಂದರು. ಆ 'ಮುಗಿಯಿತು' ಒಂದೇ ಮಾತು ನಾನು ಕೇಳಿಸಿಕೊಂಡದ್ದು.

ಆಪರೇಷನ್ ಚೆನ್ನಾಗಿಯೇ ಆಯಿತು. ಗೆಡ್ಡೆ ಆರು ಗ್ರಾಂ ತೂಗಿತು. ಸಾಮಾನ್ಯ ಗ್ರಂಥಿಯ ತೂಕ 30ರಿಂದ 50 ಮಿಲಿಗ್ರಾಂ. ಪಿಟಿಎಚ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುವುದರಿಂದ ಥಿಯೇಟರಿನಲ್ಲೇ ಅಳೆದು ನೋಡುತ್ತಾರೆ. ಹತ್ತು ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದರೆ ಸರಿಯಾದ ಗ್ರಂಥಿಯೇ ಹೊರಬಂದಿದೆ ಎಂದರ್ಥ. ಅಕ್ಕನದು ಒಂಬೈನೂರರಿಂದ ನೂರರ ಸಮೀಪಕ್ಕೆ ಇಳಿದಿತ್ತು. ಮಂಗಳವಾರ ಬೆಳಗ್ಗೆ ಕ್ಯಾಲ್ಸಿಯಂ 9.2.

"ತಮ್ಮಾ, ನನಗೇನ ಆಗೇತಿ? ಅಡ್ಡಾಡಾಕತ್ತೇನಿ, ಉಂಡೇನಿ. ಮನಿಗೆ ಹೋಗೂಣ ನಡಿ" ಎಂದಳು ಅಕ್ಕ. ಅವಳು ಒಂದು ಸಲ ಹೇಳಿದ್ದನ್ನು ನಾನು ಕಿರಿಯ ವೈದ್ಯರ ಮುಂದೆ ಮೂರು ಸಲ ಹೇಳಿದೆ. ರೂಮಿನ ಬಾಡಿಗೆ ಬೇರೆ ಏರುತ್ತಿತ್ತು. ಕೊನೆಗೆ ಶಸ್ತ್ರವೈದ್ಯರೇ ಬಂದು ಫೈಲು ತೆರೆದು ಕೂತರು.

ಆಪರೇಷನ್ನಿಗೆ ಮುಂಚಿನ ಒಂದು ಅಂಕಿಯ ಮೇಲೆ ಬೆರಳಿಟ್ಟರು: ಆಲ್ಕಲೈನ್ ಫಾಸ್ಫಟೇಸ್ 780. ಲಿವರಿನ ಪರೀಕ್ಷೆಗಳ ಜೊತೆಗೆ ಬರುವ ಸಾದಾ ಅಂಕಿ, ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ಎಲುಬಿನಲ್ಲಿ ಒಡೆಯುವ–ಕಟ್ಟುವ ಕೆಲಸ ಜೋರಾಗಿ ನಡೆದಿದ್ದರೆ ಇದು ಏರುತ್ತದಂತೆ. ಜೊತೆಗೆ ವಿಟಮಿನ್ ಡಿ ಬರೀ 8 ಇತ್ತು, ಗೆಡ್ಡೆ ದೊಡ್ಡದು, ಪಿಟಿಎಚ್ ಬಹಳ ಹೆಚ್ಚು, ಎಕ್ಸ್‌ರೇಯಲ್ಲಿ ಎಲುಬು ಸವೆದಿದೆ. ಇಷ್ಟೆಲ್ಲ ಕೂಡಿ ಬಂದವರಲ್ಲಿ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕ್ಯಾಲ್ಸಿಯಂ ಕುಸಿಯುವ ಭಯ ಹೆಚ್ಚು. ಇವತ್ತಿನ 9.2 ಏನನ್ನೂ ಹೇಳುವುದಿಲ್ಲ, ಸಂಜೆ ಅದು ಯಾವ ಕಡೆ ಹೊರಟಿದೆ ನೋಡಬೇಕು ಎಂದರು. ಹಾಗಾದರೆ ಕುಸಿಯುವುದು ಖಾತ್ರಿಯೇ ಎಂದು ಕೇಳಿದೆ. ಖಾತ್ರಿ ಹೇಳುವ ಸೂತ್ರವೇನೂ ಇಲ್ಲ, ಆದರೆ ನನ್ನ ಅಕ್ಕನಾಗಿದ್ದರೆ ಕಳಿಸುತ್ತಿರಲಿಲ್ಲ ಎಂದರು. ಎಲುಬು ಗಟ್ಟಿಯಿದ್ದು, ಗೆಡ್ಡೆ ಚಿಕ್ಕದಿದ್ದವರನ್ನು ಮಾತ್ರೆ ಕೊಟ್ಟು ಮರುದಿನವೇ ಕಳಿಸುತ್ತಾರೆ, ಎಲ್ಲರನ್ನೂ ಹಿಡಿದಿಡುವವರಲ್ಲ.

ವೈದ್ಯರು ಇದನ್ನು 'ಹಸಿದ ಎಲುಬು' ಎನ್ನುತ್ತಾರೆ. ಅಕ್ಕನಿಗೆ ತಿಳಿಸಿ ಹೇಳುವಾಗ ನನಗೆ ನೆನಪಾದದ್ದು ನಮ್ಮೂರ ಹಗೇವು. ಕಳ್ಳ ವರ್ಷಗಟ್ಟಲೆ ಹಗೇವಿನ ಜೋಳ ತೋಡಿ ಅಂಗಳಕ್ಕೆ ಸುರಿದಿದ್ದಾನೆ. ಈಗ ಕಳ್ಳ ಸಿಕ್ಕಿಬಿದ್ದ. ಮರುದಿನದಿಂದ ಅಂಗಳದ ಜೋಳವೆಲ್ಲ ಹಗೇವಿಗೆ ವಾಪಸು. ಅಡುಗೆಮನೆಯ ಡಬ್ಬಿ ಖಾಲಿ. ಉಳಿದ ಮೂರು ಗ್ರಂಥಿಗಳಾದರೂ ಕೆಲಸವಿಲ್ಲದೆ ಇಷ್ಟು ವರ್ಷ ಮಲಗಿದ್ದವು, ಏಳಲು ಹೊತ್ತು ಬೇಕು. ಅಕ್ಕ ಕೇಳಿ, "ಹಂಗಂದ್ರ ರೊಟ್ಟಿ ಯಾತರ್ಲೆ ಮಾಡೂದು?" ಎಂದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಹೊರಗಿನಿಂದ ತಂದು: ಕ್ಯಾಲ್ಸಿಯಂ ಮಾತ್ರೆ, ಅದು ಕರುಳಿನಿಂದ ಒಳಗೆ ಇಳಿಯಲು ಕ್ಯಾಲ್ಸಿಟ್ರಿಯಾಲ್, ಅದೂ ಸಾಲದಿದ್ದರೆ ಡ್ರಿಪ್.

ಮಂಗಳವಾರ ಸಂಜೆ 8.4. ಬುಧವಾರ ಬೆಳಗ್ಗೆ, ಮಾತ್ರೆ ನಡೆದಿದ್ದರೂ, 7.6. ಟಿಕೆಟ್ ರದ್ದು ಮಾಡಿದೆ.

ಅವತ್ತು ರಾತ್ರಿ ಮೂರರ ಸುಮಾರಿಗೆ ಅಕ್ಕ ನನ್ನನ್ನು ಎಬ್ಬಿಸಿದಳು. "ತುಟಿ ಸುತ್ತ ಇರುವಿ ಹರದಾಡಿದಂಗ ಆಗಾಕತ್ತೇತಿ. ಬೆರಳ ತುದಿಗೂ." ನಾನು ನಿದ್ದೆಗಣ್ಣಲ್ಲಿ ಹಾಸಿಗೆ ಕೊಡವಲು ಹೊರಟಿದ್ದೆ! ಅಕ್ಕನಿಗೆ ಹಿಂದಿ ಬಾರದು, ಮರಾಠಿ ಅಷ್ಟಿಷ್ಟು. ನಾನು ನರ್ಸಿಗೆ ಹಿಂದಿಯಲ್ಲಿ ಏನೇನೋ ವಿವರಿಸುತ್ತಿದ್ದಾಗ ಅಕ್ಕ ಎರಡು ಬೆರಳನ್ನು ತುಟಿಯ ಮೇಲೆ ನಡೆಸಿ ತೋರಿಸಿದಳು. "ಮುಂಗ್ಯಾ?" ಎಂದಳು ಆ ಮರಾಠಿ ಹುಡುಗಿ ತಟ್ಟನೆ. ಜೋಮು ಹಿಡಿಯುವುದಕ್ಕೆ ಮರಾಠಿಯಲ್ಲಿ ಇರುವೆ ಬಂತು ಅಂತಲೇ ಹೇಳುತ್ತಾರೆ. ಬಿಪಿ ಪಟ್ಟಿ ಕಟ್ಟಿ ಗಾಳಿ ಏರಿಸಿ ಕೆಲವು ನಿಮಿಷ ಬಿಟ್ಟಾಗ ಅಕ್ಕನ ಬೆರಳುಗಳು ತುತ್ತು ಕಲಸುವಾಗಿನ ಹಾಗೆ ಒಂದುಗೂಡಿ ಮಡಚಿಕೊಂಡವು. ಅವಳೇ ಬಿಚ್ಚಲು ಹೋದರೆ ಬರಲಿಲ್ಲ. ಆ ಕೈ ನೋಡಿದಾಗ ನನಗೆ ಹೆದರಿಕೆಯಾಯಿತು.

ರಕ್ತದ ವರದಿ ಬಂತು: 6.8. ಎದೆಗೆ ಇಸಿಜಿ ತಂತಿ ಅಂಟಿಸಿ ಕ್ಯಾಲ್ಸಿಯಂ ಗ್ಲುಕೋನೇಟನ್ನು ನಿಧಾನವಾಗಿ ಏರಿಸಿದರು. ಬೇಗ ಏರಿಸಿದರೆ ಹೃದಯದ ಬಡಿತ ಕೆಡುತ್ತದೆ, ಏರಿಸದೆ ಬಿಟ್ಟರೂ ಕೆಡುತ್ತದೆ. ಫಿಟ್ಸ್ ಬರಬಹುದು, ಗಂಟಲು ಬಿಗಿದು ಉಸಿರು ಕಟ್ಟಬಹುದು. ನನ್ನ ಲೆಕ್ಕದಂತೆ ನಡೆದಿದ್ದರೆ ಆ ಹೊತ್ತಿಗೆ ನಾವು ಪುಣೆ ದಾಟಿ ಸೋಲಾಪುರದ ದಾರಿಯಲ್ಲಿರುತ್ತಿದ್ದೆವು, ಸ್ಲೀಪರ್ ಬೋಗಿಯಲ್ಲಿ, ಅಕ್ಕ ಕೆಳಗಿನ ಬರ್ತಿನಲ್ಲಿ, ನಾನು ಮೇಲೆ ಗೊರಕೆ ಹೊಡೆಯುತ್ತಾ.

ಆಮೇಲೆ ಓದಿದ್ದು: ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಎಂಬಾತನಿಗೆ ಇದೇ ಕಾಯಿಲೆ. ಎಲುಬು ಕುಸಿದು ಆಳೇ ಗಿಡ್ಡನಾಗಿದ್ದ. 1932ರಲ್ಲಿ, ಏಳನೇ ಆಪರೇಷನ್ನಿನಲ್ಲಿ, ಗೆಡ್ಡೆ ಎದೆಯೊಳಗೆ ಸಿಕ್ಕಿತು. ಗೆಡ್ಡೆ ತೆಗೆದ ಮೇಲೆ ಕ್ಯಾಲ್ಸಿಯಂ ಕುಸಿಯಿತು, ಕೆಲವೇ ವಾರಗಳಲ್ಲಿ ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಯ ನಂತರ ಆತ ತೀರಿಕೊಂಡ. ಇದನ್ನು ಅಕ್ಕನಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಕುಬಸವನ್ನು ಅಕ್ಕ ನನ್ನ ಫೋನಿನ ವಿಡಿಯೋದಲ್ಲಿ ನೋಡಿ, ಕ್ಯಾನುಲಾ ಚುಚ್ಚಿದ ಕೈಯಿಂದಲೇ ಪರದೆಗೆ ಅಕ್ಷತೆ ಹಾಕಿದಳು. ಊರಿಗೆ ಹೋಗಿ ಈಗ ನಾಲ್ಕು ತಿಂಗಳು. ಮಾತ್ರೆ ಇನ್ನೂ ನಡೆದಿದೆ. ಥೈರಾಯ್ಡ್ ಅಥವಾ ಕಬ್ಬಿಣದ ಮಾತ್ರೆ ಇದ್ದರೆ ಅದರ ಜೊತೆ ನುಂಗಬಾರದು, ನಾಲ್ಕು ತಾಸು ಅಂತರವಿರಲಿ ಎಂದಿದ್ದಾರೆ. ಎಲುಬಿನ ಹಸಿವು ಇಳಿಯುತ್ತಿದೆ; ಹೋದ ವಾರದ ಫಾಸ್ಫಟೇಸ್ 210, ಕ್ಯಾಲ್ಸಿಯಂ 8.9.

ದಿನಾ ಸಂಜೆ ಫೋನಿನಲ್ಲಿ ನನ್ನ ಮೊದಲ ಪ್ರಶ್ನೆ, "ಇರುವಿ ಬಂದಾವೇನ ಅಕ್ಕಾ?"

"ಬೆಲ್ಲದ ಡಬ್ಬಿಗೆ ಬಂದಾವ ನೋಡಪಾ" ಅನ್ನುತ್ತಾಳೆ.