ಹಬ್ಬ ಹತ್ತಿರ ಬಂದಂಗೆ ನಿದ್ದೆ ದೂರ: ದಸರಾ-ದೀಪಾವಳಿ ಒತ್ತಡಕ್ಕೆ ಏನು ಮಾಡಬೇಕು?

ಬಳ್ಳಾರಿ: ದಸರಾ ಮುಗಿದು ಇಪ್ಪತ್ತು ದಿನಕ್ಕೆ ದೀಪಾವಳಿ ಬಂದೇ ಬಿಡುತ್ತದೆ. ಬಟ್ಟೆ ಅಂಗಡಿಗಳ ಮುಂದೆ ಆಫರ್ ಬೋರ್ಡು, ಬಸ್ ಸ್ಟ್ಯಾಂಡ್‌ನಲ್ಲಿ ರಶ್ಶು. ಇದೇ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಸಿಟ್ಟು, ಜಗಳ, ರಾತ್ರಿ ನಿದ್ದೆ ಬಾರದಿರುವುದು, ಎದೆ ಡವಡವ ಅನ್ನುವುದೂ ಜಾಸ್ತಿ ಆಗುತ್ತದೆ. ಆದರೆ "ಹಬ್ಬದಾಗ ಅಳಬಾರದು" ಅಂತ ಯಾರೂ ಬಾಯಿ ಬಿಡೋದಿಲ್ಲ.

ಹೆಚ್ಚಿನ ಮನೆಗಳಲ್ಲಿ ಮೊದಲ ಕಾರಣ ರೊಕ್ಕ. ನಮ್ಮ ತುಂಗಭದ್ರಾ ಕಾಲುವೆ ಭಾಗದಲ್ಲಿ ಭತ್ತ ಕೊಯ್ಲಿಗೆ ಬರುವುದು ನವೆಂಬರ್-ಡಿಸೆಂಬರ್‌ನಲ್ಲಿ. ಮೆಣಸಿನಕಾಯಿ ರೊಕ್ಕ ಇನ್ನೂ ತಡ, ಹೊಸ ವರ್ಷ ದಾಟಬೇಕು. ಹಬ್ಬ ಮಾತ್ರ ಅದಕ್ಕಿಂತ ಮೊದಲೇ ಬರುತ್ತದೆ. ಗೊಬ್ಬರದ ಅಂಗಡಿ ಬಾಕಿ ಹಂಗೇ ಇರುತ್ತದೆ, ಸಂಘದ ವಾರದ ಕಂತು ನಿಲ್ಲೋದಿಲ್ಲ. ಇದರ ಮೇಲೆ ಮಗಳ ಮದುವೆಯಾದ ಮೊದಲ ದೀಪಾವಳಿ ಇದ್ದರಂತೂ ಕೇಳೋದೇ ಬೇಡ. ಅಳಿಯನಿಗೆ ಬಟ್ಟೆ, ಬಂಗಾರ, ಬೀಗರಿಗೆ ಊಟ. ಇಲ್ಲ ಅನ್ನೋಕೆ ಮುಜುಗರ, ಹ್ಞೂಂ ಅನ್ನೋಕೆ ಕೈಯಲ್ಲಿ ಕಾಸಿಲ್ಲ.

ಇದಕ್ಕೆ ಮದ್ದು ಮಾತು. ಹಬ್ಬಕ್ಕೆ ಹದಿನೈದು ದಿನ ಮುಂಚೆಯೇ ಗಂಡ-ಹೆಂಡತಿ ಕೂತು ಖರ್ಚನ್ನು ಒಂದು ಹಾಳೆ ಮೇಲೆ ಬರೆಯಿರಿ. ಬೀಗರಿಗೆ ಫೋನ್ ಮಾಡಿ, "ಬೀಗರ, ಈ ಸಲ ಬಟ್ಟಿ ಅಷ್ಟ ರೀ, ಉಳಿದದ್ದು ಬೆಳಿ ಬಂದಮ್ಯಾಲ ನೋಡೂಣ" ಅಂತ ಮೊದಲೇ ಹೇಳಿಬಿಡಿ. ಹಬ್ಬದ ದಿನ ಹೇಳಿದರೆ ಜಗಳ ಆಗುವ ಮಾತು, ಮುಂಚೆ ಹೇಳಿದರೆ ಬರೀ ಮಾತಾಗಿ ಉಳಿಯುತ್ತದೆ. ಅವರ ಮನೆಯಲ್ಲೂ ಇದೇ ಪರಿಸ್ಥಿತಿ ಇರಬಹುದು.

ಕಂತಿಗಾಗಿ ಮನೆ ಮುಂದೆ ಬಂದು ಬೈಯೋದು, ಬೆದರಿಸೋದು ಮಾಡಿದರೆ ಸಹಿಸಿಕೊಂಡು ಕೂರಬೇಕಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿ ಕಿರುಕುಳ ತಡೆಗೆ ಸುಗ್ರೀವಾಜ್ಞೆ ತಂದಿತ್ತು, ಆಮೇಲೆ ಅದರ ಮಸೂದೆಯೂ ಪಾಸಾಯಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. ಪೊಲೀಸ್ ಠಾಣೆಗೆ ದೂರು ಕೊಡಬಹುದು.

ಇನ್ನು ಹೆಣ್ಣುಮಕ್ಕಳ ಕಥೆ. ಮಹಾನವಮಿ ಬಂತಂದ್ರೆ ಮನೆಯ ಕೌದಿ, ಹಾಸಿಗೆ, ಪಾತ್ರೆ ಎಲ್ಲಾ ಹೊರಗೆ. ಸುಣ್ಣ-ಬಣ್ಣ, ಹೋಳಿಗೆ, ನೆಂಟರು. ಗಂಡಸರಿಗೆ ರಜೆ, ಅವರಿಗೆ ಡಬಲ್ ಡ್ಯೂಟಿ. ಸುಸ್ತಾಗಿ ಸಿಡುಕಿದರೆ "ಹಬ್ಬದ ದಿನಾನೂ ಮಾರಿ ಹಿಂಗ್ಯಾಕ?" ಅಂತ ಬೇರೆ ಕೇಳುತ್ತಾರೆ. ಕೌದಿ ಒಗೆಯೋದು ಗಂಡುಮಕ್ಕಳ ಕೈಗೂ ಬರುತ್ತದೆ, ಯಾರೂ ಹೇಳಿಲ್ಲ ಅಷ್ಟೇ.

ಆ ವರ್ಷ ಸಾವಾದ ಮನೆಯವರನ್ನು ಹಬ್ಬದ ದಿನ ಒಬ್ಬರನ್ನೇ ಬಿಡಬೇಡಿ. "ಹೋಗಲಿ ಬಿಡ್ರಿ, ಮರೀರಿ" ಅನ್ನೋದಕ್ಕಿಂತ, ತೀರಿಕೊಂಡವರ ಹೆಸರು ಹಿಡಿದು ಅವರ ಬಗ್ಗೆ ನಾಲ್ಕು ಮಾತಾಡಿದರೆ ಜೀವಕ್ಕೆ ಹಗುರ.

ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು: ಮಾತ್ರೆ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ನವರಾತ್ರಿ ಉಪವಾಸ ಅಂತಲೋ, ನೆಂಟರು ನೋಡುತ್ತಾರೆ ಅಂತಲೋ ನಿಲ್ಲಿಸಬೇಡಿ. ದಿಢೀರ್ ಬಿಟ್ಟರೆ ಕಾಯಿಲೆ ಮತ್ತೆ ಮರುಕಳಿಸಬಹುದು. ಒಪ್ಪತ್ತು ಮಾಡುವವರು ಯಾವ ಹೊತ್ತಿಗೆ ನುಂಗಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ. ಹಬ್ಬದ ರಜೆಗೆ ಮೊದಲು ಮಾತ್ರೆ ಎಷ್ಟು ಉಳಿದಿದೆ ಎಣಿಸಿಕೊಳ್ಳಿ. ನಿದ್ದೆ ಮಾತ್ರೆ ಜೊತೆ ಎಣ್ಣೆ ಹಾಕೋದು ಜೀವಕ್ಕೇ ಅಪಾಯ. ನಿದ್ದೆ ಬರಲಿ ಅಂತ ಬರೀ ಕುಡಿದರೂ ನಡುರಾತ್ರಿ ಎಚ್ಚರವಾಗಿ ಇನ್ನಷ್ಟು ಕೆಡುತ್ತದೆ.

ಎರಡು ವಾರ ಕಳೆದರೂ ಬೇಜಾರು ಹೋಗದಿದ್ದರೆ, ಊಟ-ನಿದ್ದೆ ಕೆಟ್ಟಿದ್ದರೆ, ಯಾವ ಕೆಲಸಕ್ಕೂ ಮನಸ್ಸು ಬಾರದಿದ್ದರೆ ಆಸ್ಪತ್ರೆಗೆ ಹೋಗಬೇಕು. "ನಾನು ಇರಬಾರದು" ಅಂತ ಯಾರಾದರೂ ಅಂದರೆ ಎರಡು ವಾರ ಕಾಯೋದಲ್ಲ, ಅವತ್ತೇ ನೋಡಬೇಕು. ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟೋದಿಲ್ಲ. ಅವರ ಜೊತೆಗೇ ಇರಿ. ಮನೆಯಲ್ಲಿರುವ ಬೆಳೆ ಔಷಧಿ ಡಬ್ಬಿಗಳನ್ನು ಬೇರೆ ಕಡೆ ಸಾಗಿಸಿ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹೆಸರಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಹತ್ತಿರದಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತ್ತು. ಅದೇ 'ಬಳ್ಳಾರಿ ಮಾದರಿ'. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ದೇಶಕ್ಕೆ ದಾರಿ ತೋರಿಸಿದ ಊರಲ್ಲೇ ಜನ ಇವತ್ತಿಗೂ ಮನೋವೈದ್ಯರ ಹತ್ತಿರ ಹೋಗೋಕೆ ನಾಚುತ್ತಾರೆ.

'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡೇ ಹೋಗಿ.

ಅಲ್ಲಿಯವರೆಗೂ ತಡೆಯೋಕಾಗಲ್ಲ ಅಂದ್ರೆ ಟೆಲಿ-ಮನಸ್ ಇದೆ, ನಂಬರ್ 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸೇವೆ ಇದು. ದಿನದ 24 ಗಂಟೆ, ಹಬ್ಬದ ದಿನವೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕು ಅಂತ ತೋಚದಿದ್ದರೆ "ನಿದ್ದಿ ಬರವಲ್ದು" ಅಂತ ಶುರು ಮಾಡಿದರೂ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ.